ವ್ಯಾನಕ್ಕನ ಅರವತ್ತು ಟ್ಯಾಂಕು

ವ್ಯಾನಕ್ಕನ ಮುಂದೆ ಲಕ್ಷ, ಸಾವಿರ ಎಂದು ಲೆಕ್ಕ ಹೇಳಿದರೆ ಅದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಗುತ್ತಿತ್ತು. ಲೆಕ್ಕ ಬಾರದ ಹೆಂಗಸು ಎಂದುಕೊಳ್ಳಬೇಡಿ. ಅವಳ ಪಾಲಿಗೆ ದುಡ್ಡೆಂದರೆ ಟ್ಯಾಂಕು. ವ್ಯಾನಿನ ಹೊಟ್ಟೆ ತುಂಬ ಡೀಸೆಲ್ ಹಾಕಿಸಿದರೆ ಎಷ್ಟಾಗುತ್ತದೋ ಅದು ಒಂದು ಟ್ಯಾಂಕು. ಗಂಡನ ಕನ್ನಡಕ ಒಂದು ಟ್ಯಾಂಕು, ಮನೆ ಬಾಡಿಗೆ ಎರಡು ಟ್ಯಾಂಕು, ಅತ್ತೆಯ ಮಂಡಿನೋವಿನ ಮಾತ್ರೆ ತಿಂಗಳಿಗೆ ಕಾಲು ಟ್ಯಾಂಕು. ನೆಂಟರು ಯಾರಾದರೂ ಹೊಸ ಸೋಫಾ ತೋರಿಸಿ ಬೀಗಿದರೆ, ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಏಳು ಟ್ಯಾಂಕು ಕೊಟ್ಟು ಕೂರೋದಾ? ನೆಲ ಏನು ಪಾಪ ಮಾಡಿತ್ತು?" ಎನ್ನುತ್ತಿದ್ದಳು.

ಇಂಥವಳು ಸಾಫ್ಟ್‌ವೇರ್ ಕಂಪನಿ ಶುರುಮಾಡಿದಾಗ ಅದರ ಮೊದಲ ಬಜೆಟ್ಟೂ ಟ್ಯಾಂಕಿನಲ್ಲೇ ಆಯಿತು. ಹೌದು, ಸಾಫ್ಟ್‌ವೇರ್ ಕಂಪನಿಯೇ. ನಗಬೇಡಿ. ನಗುವವರು ಆಗಲೇ ಬೇಕಾದಷ್ಟು ಮಂದಿ ನಕ್ಕು ಮುಗಿಸಿದ್ದಾರೆ.

ಶಾಲೆ ಮಕ್ಕಳ ವ್ಯಾನು ಓಡಿಸುತ್ತಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಮೊದಮೊದಲು ಓಡಿಸಿದ್ದು ಊರಿನ ದೊಡ್ಡ ಟ್ರಾನ್ಸ್‌ಪೋರ್ಟ್ ಮಾಲೀಕನ ಕೈಕೆಳಗೆ. ಒಂದು ಬೆಳಿಗ್ಗೆ ಹಿಂದಿನ ಸೀಟಿನ ಮಗುವಿಗೆ ಮೂಗಿನಿಂದ ರಕ್ತ ಸುರಿಯಿತು. ಗಾಡಿ ಬದಿಗೆ ಹಾಕಿ, ಮಗುವಿನ ಮೂಗು ಒತ್ತಿ ಹಿಡಿದು, ರಕ್ತ ನಿಂತ ಮೇಲೆಯೇ ಹೊರಟಳು. ಶಾಲೆ ಮುಟ್ಟುವಾಗ ತಡವಾಗಿತ್ತು. ತಿಂಗಳ ಕೊನೆಗೆ ನೋಡಿದರೆ ಸಂಬಳದಲ್ಲಿ ಒಂದು ದಿನದ್ದು ಮಾಯ. ಹೋಗಿ ಕೇಳಿದರೆ ಮಾಲೀಕ ತಲೆ ಕೂಡ ಎತ್ತದೆ, "ಗಾಡಿ ಓಡ್ಸೋಕೆ ಸಂಬಳ ಕೊಡ್ತೀನಿ, ನಿಲ್ಸೋಕಲ್ಲ" ಎಂದ. ವ್ಯಾನಕ್ಕ ಕೀಲಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು. "ಇನ್ನೊಂದ್ಸಲ ನಿಮ್ಮ ಗಾಡಿ ಸ್ಟೀರಿಂಗ್ ಮುಟ್ಟಿದ್ರೆ ನನ್ನ ಹೆಸರೇ ಬದಲಾಯಿಸಿ" ಎಂದು ಹೇಳಿ ಹೊರಬಿದ್ದಳು. ಆಫೀಸಿನಲ್ಲಿದ್ದವರೆಲ್ಲ ಕೇಳಿದರು. ಅವರ ಬಾಯಿಂದ ಊರೆಲ್ಲ ಕೇಳಿತು.

ಆಮೇಲೆ ಅಲ್ಲಿ ಇಲ್ಲಿ ಸಾಲ ಮಾಡಿ ಹಳೆಯ ವ್ಯಾನೊಂದನ್ನು ಕೊಂಡಳು. ಸಾಲ ತೀರಿಸಿದಳು. ಮಕ್ಕಳು ವ್ಯಾನಕ್ಕ ಎಂದರು, ಮಕ್ಕಳ ಅಪ್ಪ ಅಮ್ಮಂದಿರೂ ವ್ಯಾನಕ್ಕ ಎಂದರು, ಕೊನೆಗೆ ಗಂಡನೂ ಒಂದು ದಿನ ಬಾಯಿ ತಪ್ಪಿ ವ್ಯಾನಕ್ಕ ಎಂದು ಕರೆದು ನಾಲಿಗೆ ಕಚ್ಚಿಕೊಂಡ.

ಅವಳಿಗೆ ಇದ್ದ ಒಂದೇ ಕಾಟ ಫೋನು. ಗಾಡಿ ಹೊರಟ ಗಳಿಗೆಯಿಂದ ಅದು ಬಡಿದುಕೊಳ್ಳಲು ಶುರು. "ಎಲ್ಲಿದ್ದೀರಾ ಅಕ್ಕ?" "ನಮ್ಮ ಪಾಪು ಹತ್ತಿತಾ?" "ಶಾಲೆ ಹತ್ರ ಇಳಿಸಿದ್ರಾ?" ಹತ್ತಿಸಿದ ತಾಯಿಯೇ ಮನೆಯೊಳಗೆ ಹೋಗಿ ಫೋನು ಮಾಡಿ ಹತ್ತಿತಾ ಎಂದು ಕೇಳಿದ್ದೂ ಉಂಟು. ಒಂದು ಸಲ ಹೀಗೆ ಅವಳು ಫೋನಿಗೆ ಕೈಹಾಕಿದಾಗ ಎದುರಿನ ಸೈಕಲ್ಲಿನವನು ಕೂದಲೆಳೆಯಲ್ಲಿ ಉಳಿದುಕೊಂಡ. ಅವನು ಬೈದ ಬೈಗುಳ ವ್ಯಾನಿನ ಮಕ್ಕಳಿಗೆಲ್ಲ ಬಾಯಿಪಾಠವಾಯಿತು.

ಅದೇ ವಾರ ಗಂಡನ ಝೆರಾಕ್ಸ್ ಅಂಗಡಿಗೆ ಒಬ್ಬ ಹುಡುಗಿ ಕೆಲಸದ ಅರ್ಜಿಗಳ ಪ್ರತಿ ತೆಗೆಸಲು ಬಂದಳು. ವ್ಯಾನಕ್ಕ ಮುಖ ನೋಡಿದವಳೇ, "ಅಯ್ಯೋ, ನಿಂಬೆ!" ಎಂದಳು. ಚಿಕ್ಕವಳಿದ್ದಾಗ ವ್ಯಾನಿನಲ್ಲಿ ವಾಂತಿಯಾಗದಿರಲೆಂದು ನಿಂಬೆಹಣ್ಣು ಮೂಸುತ್ತ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಪ್ರೋಗ್ರಾಂ ಬರೆಯುವವಳು. ಕೆಲಸ ಮಾಡುತ್ತಿದ್ದ ಆಫೀಸು ಬಾಗಿಲು ಹಾಕಿ, ಮನೆಯಲ್ಲಿ ಕೂತಿದ್ದಳು.

"ಮಗು ಹತ್ತಿದಾಗ ನಾನು ಒಂದು ಗುಂಡಿ ಒತ್ತಬೇಕು, ಅವರಮ್ಮನಿಗೆ ಮೆಸೇಜ್ ಹೋಗಬೇಕು. ಇಳಿದಾಗ ಇನ್ನೊಂದು ಗುಂಡಿ. ಆಗುತ್ತಾ?" ಎಂದು ವ್ಯಾನಕ್ಕ ಕೇಳಿದಳು.

"ಆಗುತ್ತೆ ಅಕ್ಕ. ಆದ್ರೆ ದುಡ್ಡು..."

"ಎಷ್ಟು ಟ್ಯಾಂಕು?"

ನಿಂಬೆ ಕಣ್ಣು ಕಣ್ಣು ಬಿಟ್ಟಳು.

ಅಂಗಡಿಯ ಹಿಂದೆ ಕಾಗದದ ಬಂಡಲುಗಳನ್ನು ಪೇರಿಸಿಡುವ ಕೋಣೆ. ಅದರಲ್ಲಿ ಎರಡು ಸ್ಟೂಲು ಹಾಕಿ ಕೂತು ಲೆಕ್ಕ ಮಾಡಿದರು. ವ್ಯಾನಕ್ಕನ ಬ್ಯಾಂಕಿನಲ್ಲಿ ಅರವತ್ತು ಟ್ಯಾಂಕು ಇತ್ತು. ಅದು ಹೊಸ ವ್ಯಾನಿನ ಮುಂಗಡಕ್ಕೆಂದು ಕೂಡಿಟ್ಟದ್ದು. ಸರ್ಕಾರದ ನಿಯಮದಲ್ಲಿ ಹಳೆಯ ವ್ಯಾನಿನ ಆಯುಸ್ಸು ಆ ಶಾಲಾ ವರ್ಷಕ್ಕೆ ಮುಗಿಯುತ್ತಿತ್ತು. ರಜೆ ಶುರುವಾಗುತ್ತಲೇ ಅದು ಗುಜರಿಗೆ ಹೋಗಬೇಕು. ಹೊಸದು ಕೊಳ್ಳದೆ ಆ ದುಡ್ಡನ್ನು ಇದಕ್ಕೆ ಹಾಕಿದರೆ, ಶಾಲೆ ಮತ್ತೆ ತೆರೆಯುವ ದಿನಕ್ಕೆ ಆ್ಯಪು ನಡೆಯಬೇಕು, ಊರಿನ ವ್ಯಾನಿನವರು ಅದಕ್ಕೆ ದುಡ್ಡು ಕೊಡಬೇಕು. ಇಲ್ಲವಾದರೆ ಗಾಡಿಯೂ ಇಲ್ಲ, ಗಂಟೂ ಇಲ್ಲ, ಐವತ್ತರ ಹತ್ತಿರದ ಹೆಂಗಸು ಮತ್ತೆ ಯಾರದೋ ಗಾಡಿಗೆ ಕೂಲಿ. ಯಾರದೋ ಏನು ಬಂತು, ಊರಿನಲ್ಲಿ ಕೂಲಿಗೆ ಕರೆಯುವವನು ಆ ಮಾಲೀಕ ಒಬ್ಬನೇ.

ಇಷ್ಟೆಲ್ಲ ಗೊತ್ತಿದ್ದೂ ಅವಳು ಹೂಂ ಎಂದಳು. ಅವಳೇ ಹಾಗೆ.

ಗಂಡ ಸಂಜೆಯೆಲ್ಲ ಅಂಗಡಿಯ ಲೆಕ್ಕದ ಪುಸ್ತಕ ತಿರುವಿಹಾಕಿದ. ಕೊನೆಗೆ, "ಹೊಸ ವ್ಯಾನಿಗೆ ಬಣ್ಣ ಕೂಡ ಆರಿಸಿದ್ದೆಯಲ್ಲೇ" ಎಂದಷ್ಟೇ ಹೇಳಿದ. ಅತ್ತೆ ಬಟಾಣಿ ಸುಲಿಯುತ್ತ, "ನಿನ್ನ ತಲೆ ಕೆಟ್ಟಿದೆ. ತಡೆಯೋಣ ಅಂದ್ರೆ ನನಗೆ ವಯಸ್ಸಾಯ್ತು" ಎಂದರು. ಆ ಮನೆಯಲ್ಲಿ ಒಪ್ಪಿಗೆಯೆಂದರೆ ಅಷ್ಟೇ.

ಬಜೆಟ್ಟು ಹೀಗಾಯಿತು. ನಿಂಬೆಯ ಸಂಬಳ ತಿಂಗಳಿಗೆ ಐದು ಟ್ಯಾಂಕಿನಂತೆ ಏಳು ತಿಂಗಳಿಗೆ ಮೂವತ್ತೈದು. ಆ್ಯಪು ನಡೆಸುವ ಸರ್ವರ್ ಬಾಡಿಗೆ, ಮೆಸೇಜು ಸೇರಿ ಎಂಟು. ಪರೀಕ್ಷೆ ಮಾಡಿ ನೋಡಲು ಬೇರೆ ಬೇರೆ ಜಾತಿಯ ಹಳೆಯ ಫೋನುಗಳಿಗೆ ಮೂರು. ಕಂಪನಿ ನೋಂದಣಿ, ಲೆಕ್ಕಪರಿಶೋಧಕನ ಫೀಸು, ಆ ಕಾಗದ ಈ ಕಾಗದ ಎಂದು ನಾಲ್ಕು. ಉಳಿದ ಹತ್ತು ರಿಸರ್ವು. "ಮುಳ್ಳು ಕೆಂಪಿಗೆ ಬಂದ ಮೇಲೂ ಗಾಡಿ ಸ್ವಲ್ಪ ದೂರ ಓಡುತ್ತಲ್ಲ, ಅದು. ಸಾಯೋ ಹಾಗಾದ್ರೂ ಅದನ್ನ ಮುಟ್ಟಬಾರದು" ಎಂದು ವ್ಯಾನಕ್ಕ ಕಟ್ಟಪ್ಪಣೆ ಮಾಡಿದಳು. ನಿಂಬೆ ಅದನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಿದಳು. ಹಣದ ಕಾಲಮಿನ ನೆತ್ತಿಯ ಮೇಲೆ ಟ್ಯಾಂಕು ಎಂದು ಬರೆಯುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಎರಡು ಗುಂಡಿಯ ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ಹಾಳಾದ್ದು, ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ವ್ಯಾನಕ್ಕನಿಗೆ ಒಂದು ದಿನ ಮ್ಯಾಪು ಬೇಕೆನಿಸಿತು.

"ತಾಯಂದಿರಿಗೆ ಗಾಡಿ ಎಲ್ಲಿದೆ ಅಂತ ಕಾಣಬೇಕು ಕಣೇ. ರಸ್ತೆ ಮೇಲೆ ಒಂದು ಚುಕ್ಕೆ ಹೋಗ್ತಾ ಇರಬೇಕು. ಇನ್ನೆಷ್ಟು ಹೊತ್ತಿಗೆ ಬರುತ್ತೆ ಅಂತ ಅದೇ ಹೇಳಬೇಕು."

ನಿಂಬೆ ಬೇಡವೆಂದಳು. "ಮ್ಯಾಪ್ ನಮ್ಮದಲ್ಲ ಅಕ್ಕ, ಬೇರೆ ಕಂಪನಿಯದು. ಇನ್ನೆಷ್ಟು ಹೊತ್ತು ಅಂತ ಒಂದೊಂದ್ಸಲ ಕೇಳಿದ್ದಕ್ಕೂ ಅವರು ದುಡ್ಡು ಹಾಕ್ತಾರೆ. ಮೊದಲನೇ ವರ್ಶನ್‌ಗೆ ಇದು ಬೇಡ. ಆಮೇಲೆ ನೋಡೋಣ."

"ಎಷ್ಟು ಸಲ ಕೇಳುತ್ತೆ? ನನ್ನ ಗಾಡಿ ಓಡೋದು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ನಿಂತ ಗಾಡಿಗೆ ಏನು ಖರ್ಚು? ಶೆಡ್ಡಲ್ಲಿರೋ ವ್ಯಾನು ಡೀಸೆಲ್ ಕುಡಿಯುತ್ತಾ?"

ನಿಂಬೆ ಏನೋ ಹೇಳಲು ಹೋದಳು. ವ್ಯಾನಕ್ಕ ಕೇಳಿಸಿಕೊಳ್ಳಲಿಲ್ಲ. ಪಟ್ಟು ಹಿಡಿದರೆ ಬಿಡುವ ಪೈಕಿ ಅವಳಲ್ಲ. ಬೆರಳು ಮಡಚಿ ಲೆಕ್ಕ ಹಾಕಿ, ತಿಂಗಳಿಗೆ ಮುಕ್ಕಾಲು ಟ್ಯಾಂಕು ಸಾಕೆಂದು ತೀರ್ಮಾನ ಕೊಟ್ಟಳು. ಡೀಸೆಲ್ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು.

ರಜೆಗೆ ಮೊದಲಿನ ಕೊನೆಯ ತಿಂಗಳು ಅವಳ ವ್ಯಾನಿನ ಮಕ್ಕಳ ಮನೆಗಳಿಗೆಲ್ಲ ಆ್ಯಪು ಹಾಕಿಕೊಟ್ಟರು. ಏನು ಹೇಳಲಿ, ಸ್ವರ್ಗ ಸಿಕ್ಕಿದಂತಾಯಿತು. ಫೋನು ತೆಪ್ಪಗಾಯಿತು. ವ್ಯಾನಕ್ಕ ಹಾಡು ಹೇಳುತ್ತ ಗಾಡಿ ಓಡಿಸಿದಳು. ಅವಳ ಹಾಡು ಕೇಳಲಾರದೆ ಮಕ್ಕಳು ಕಿವಿ ಮುಚ್ಚಿಕೊಂಡವು. ಅಪ್ಪ ಅಮ್ಮಂದಿರು ಗೇಟಿನಲ್ಲಿ ನಿಂತು ಹೊಗಳಿದ್ದೇ ಹೊಗಳಿದ್ದು. ನಿಂಬೆಯೂ ಬೇಡವೆಂದದ್ದನ್ನು ಮರೆತು, ಚುಕ್ಕೆ ತಿರುವಿನಲ್ಲಿ ಕುಪ್ಪಳಿಸದೆ ನೀರಿನಂತೆ ಹರಿಯಲೆಂದು ಹಗಲೆಲ್ಲ ಕೂತು ತಿದ್ದಿದಳು.

ತಿಂಗಳು ಮುಗಿಯಿತು. ಬಿಲ್ಲು ಬಂತು.

ಹದಿನಾಲ್ಕು ಟ್ಯಾಂಕು.

ನಿಂಬೆ ಎರಡು ಸಲ ಓದಿದಳು. ವ್ಯಾನಕ್ಕ ಅವಳ ಕೈಯಿಂದ ಲ್ಯಾಪ್‌ಟಾಪು ಕಸಿದುಕೊಂಡು ತಾನೂ ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು. ಎಷ್ಟು ಸಲ ಓದಿದರೂ ಅದು ಹದಿನಾಲ್ಕೇ.

"ಯಾವನೋ ಕಳ್ಳ ನಮ್ಮ ಹೆಸರಲ್ಲಿ ಉಪಯೋಗಿಸಿದ್ದಾನೆ."

"ಇಲ್ಲ ಅಕ್ಕ. ನಮ್ಮವರೇ." ನಿಂಬೆ ತೆರೆದು ತೋರಿಸಿದಳು. ಒಬ್ಬ ತಾಯಿ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಮ್ಯಾಪು ತೆರೆದಿಟ್ಟವರು ಸಂಜೆ ಮಗು ಬರುವ ತನಕ ಮುಚ್ಚಿರಲಿಲ್ಲ. ಒಂದು ಮನೆಯ ತಾತ ಟೀವಿ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದರು. ಗಾಡಿ ಶೆಡ್ಡಿನಲ್ಲಿ ತಣ್ಣಗೆ ನಿಂತಿತ್ತು, ಚುಕ್ಕೆ ಅಲ್ಲಾಡುತ್ತಿರಲಿಲ್ಲ. ಅಲ್ಲಾಡದ ಚುಕ್ಕೆಯನ್ನು ಇಪ್ಪತ್ತು ಮನೆಯ ಫೋನುಗಳು ಇಡೀ ದಿನ, ಉಸಿರುಸಿರಿಗೂ, ಇನ್ನೆಷ್ಟು ಹೊತ್ತು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದವು. ಪ್ರತಿ ಸಲ ಕೇಳಿದ್ದಕ್ಕೂ ಮೀಟರು ಓಡಿತ್ತು.

ವ್ಯಾನಕ್ಕ ಲ್ಯಾಪ್‌ಟಾಪನ್ನು ಪಟಕ್ಕನೆ ಮುಚ್ಚಿದಳು. ಯಾರನ್ನು ಬೈಯುವುದು? ತಾತನನ್ನೇ? ನಿಂಬೆಯ ಮುಖ ಬಿಳಿಚಿಕೊಂಡಿತ್ತು. "ನಾನು ಒಂದು ತಡೆ ಹಾಕಿಡಬೇಕಿತ್ತು ಅಕ್ಕ" ಎಂದು ಅವಳು ಶುರುಮಾಡಿದಳು.

"ಸುಮ್ನಿರು. ನೀನು ಬೇಡ ಅಂದೆ. ಬೇಕು ಅಂದಿದ್ದು ನಾನು. ತಪ್ಪು ನಂದು, ಅದರಲ್ಲಿ ಪಾಲು ಕೇಳಬೇಡ."

ಹತ್ತರ ರಿಸರ್ವು ಹೋಯಿತು. ಅದರ ಮೇಲೆ ಇನ್ನೂ ನಾಲ್ಕು ಟ್ಯಾಂಕಿನ ತೂತು. ಶಾಲೆ ತೆರೆಯಲು ಎರಡು ತಿಂಗಳು. ಆ ವಾರವೇ ಹಳೆಯ ವ್ಯಾನು ಗುಜರಿಗೆ ಹೋಯಿತು. ಗುಜರಿಯವನು ಕೊಟ್ಟ ಪುಡಿಗಾಸು ಮನೆಬಾಡಿಗೆಗೆ ಸರಿಹೋಯಿತು.

ವ್ಯಾನಕ್ಕ ಮರುದಿನ ಬಂದವಳೇ, "ಮ್ಯಾಪು ಕಿತ್ತು ಬಿಸಾಕು" ಎಂದಳು.

ಈಗ ತಿರುಗಿಬಿದ್ದದ್ದು ನಿಂಬೆ. ಕಷ್ಟಪಟ್ಟು ಮಾಡಿದ ಕೆಲಸ, ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? "ಮ್ಯಾಪ್ ಇಲ್ಲದೆ ಯಾರು ತಗೋತಾರೆ ಅಕ್ಕ? ಎಲ್ಲರ ಆ್ಯಪಲ್ಲೂ ಮ್ಯಾಪ್ ಇರುತ್ತೆ. ಎರಡು ಗುಂಡಿ ಇಟ್ಕೊಂಡು ಹೋದ್ರೆ ಜನ ನಗ್ತಾರೆ."

"ನಗಲಿ. ನಕ್ಕರೆ ಮೀಟರ್ ಓಡಲ್ಲ."

ನಿಂಬೆ ಬೇರೆ ದಾರಿ ಹಿಡಿದಳು. ಎರಡು ತಿಂಗಳು ಸಂಬಳ ಬೇಡ, ಪುಕ್ಕಟೆ ಮಾಡುತ್ತೇನೆ, ಮ್ಯಾಪಿನ ಖರ್ಚು ಹೇಗಾದರೂ ಇಳಿಸುತ್ತೇನೆ ಎಂದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು. ವ್ಯಾನಕ್ಕನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಸಿಟ್ಟೂ ಉಕ್ಕಿತು.

"ಪುಕ್ಕಟೆ ದುಡಿಸ್ಕೊಂಡ್ರೆ ನನಗೂ ಆ ಮಾಲೀಕನಿಗೂ ಏನೇ ವ್ಯತ್ಯಾಸ? ನಾನು ತಪ್ಪು ಮಾಡೋದು, ನಿನ್ನ ಸಂಬಳ ಕಟ್ ಆಗೋದು. ಇದನ್ನ ನಾನು ಒಂದ್ಸಲ ಅನುಭವಿಸಿದ್ದೀನಿ, ಸಾಕು. ನಿನ್ನ ಐದು ಟ್ಯಾಂಕು ತಿಂಗಳ ಮೊದಲನೇ ದಿನ ನಿನ್ನ ಕೈಗೆ ಬರುತ್ತೆ. ಮ್ಯಾಪು ಇವತ್ತೇ ಹೋಗುತ್ತೆ."

ಮ್ಯಾಪು ಹೋಯಿತು. ನಿಂಬೆ ಮೂರು ದಿನ ಮುಖ ಗಂಟುಹಾಕಿಕೊಂಡು ಕೆಲಸ ಮಾಡಿದಳು. ವ್ಯಾನಕ್ಕ ಸ್ವಂತ ಗಾಡಿಯಿರುವ ವ್ಯಾನಿನವರ ಮನೆಮನೆಗೆ ಹೋಗಿ ಎರಡು ಗುಂಡಿಯ ಗುಣಗಾನ ಮಾಡಿ ಬಂದಳು. ಹೆಚ್ಚಿನವರು ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ? ಮೂರೇ ಮೂರು ಜನ ಹೂಂ ಎಂದರು.

ಸುದ್ದಿ ಮಾಲೀಕನ ಕಿವಿಗೆ ಬೀಳದೆ ಇರುತ್ತದೆಯೇ? ಅವನೇ ಫೋನು ಮಾಡಿ ಕರೆಸಿಕೊಂಡ. ಅದೇ ಆಫೀಸು, ಅದೇ ಮೇಜು. ಈ ಸಲ ತಲೆ ಎತ್ತಿದ, ಕುರ್ಚಿಯನ್ನೂ ತೋರಿಸಿದ, ಟೀ ತರಿಸಿದ. ವ್ಯಾನಕ್ಕ ಟೀ ಮುಟ್ಟಲಿಲ್ಲ.

"ಹಳೇದೆಲ್ಲ ಮರೆತುಬಿಡು. ನಿನ್ನ ಆ ಬಿಲ್ಲು ನಾನು ಕಟ್ತೀನಿ. ಮ್ಯಾಪಿಗೆ ವರ್ಷಪೂರ್ತಿ ಎಷ್ಟು ಬೇಕೋ ಅದೂ ನಂದೇ. ಆ ಹುಡುಗೀನೂ ಕರ್ಕೊಂಡು ಬಾ, ಇಲ್ಲೇ ಮೇಲ್ಗಡೆ ಎಸಿ ರೂಮ್ ಕೊಡ್ತೀನಿ. ನಿನಗೆ ಮೇಲ್ವಿಚಾರಕಿ ಅಂತ ಕುರ್ಚಿ."

"ಆ್ಯಪು ಯಾರ ಹೆಸರಲ್ಲಿರುತ್ತೆ ಸಾರ್?"

"ದುಡ್ಡು ಯಾರದೋ ಅವರ ಹೆಸರಲ್ಲಿ. ಇದೇನು ಕೇಳೋ ಮಾತಾ?" ಮಾಲೀಕ ನಕ್ಕ. ನಗುತ್ತಲೇ ಮುಂದಕ್ಕೆ ಬಾಗಿದ. "ತಾಯಂದಿರು ನೋಡ್ಲಿ ಬಿಡ್ಲಿ, ನನಗೆ ಬೇಕಿರೋದು ಚುಕ್ಕೆ. ನನ್ನ ನಲವತ್ತು ಗಾಡಿ ಎಲ್ಲಿ ನಿಲ್ತಾವೆ, ಎಷ್ಟು ಹೊತ್ತು ನಿಲ್ತಾವೆ, ನನಗೆ ಇಲ್ಲೇ ಕೂತು ಕಾಣಬೇಕು. ನಿಂತಷ್ಟಕ್ಕೂ ಸಂಬಳದಲ್ಲಿ ತಾನಾಗೇ ಕಟ್ ಆಗಬೇಕು. ಡ್ರೈವರುಗಳ ಆಟ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ನೀನೇ ಬೇಕು."

ವ್ಯಾನಕ್ಕನ ಮೈಯೆಲ್ಲ ಉರಿದುಹೋಯಿತು. ಅಂದು ಮಗುವಿನ ಮೂಗು ಒತ್ತಿಕೊಂಡು ನಿಂತದ್ದಕ್ಕೆ ಒಂದು ದಿನದ ಸಂಬಳ ನುಂಗಿದ್ದ. ಅವತ್ತು ಅವನಿಗೆ ಯಾರೋ ಬಂದು ಹೇಳಬೇಕಾಗಿತ್ತು. ಇನ್ನು ಹೇಳುವವರೂ ಬೇಡ, ಅವಳ ಚುಕ್ಕೆಯೇ ಹೇಳುತ್ತದೆ.

"ಆಗಲ್ಲ ಸಾರ್."

"ಯೋಚನೆ ಮಾಡಿ ಹೇಳು. ನಿನ್ನ ಕೈಯಲ್ಲಿ ಏನಿದೆ ಈಗ? ಗಾಡಿ ಇಲ್ಲ. ದುಡ್ಡಿಲ್ಲ. ಎರಡು ಗುಂಡಿ ಇಟ್ಕೊಂಡು ಯಾವ ಸಾಮ್ರಾಜ್ಯ ಕಟ್ತೀಯಾ?"

"ಸಾಮ್ರಾಜ್ಯ ನೀವು ಕಟ್ಟಿದ್ದೀರಲ್ಲ, ನೋಡಿ ಆಯ್ತು." ಅವಳು ಎದ್ದಳು.

"ನನ್ನ ಗಾಡಿ ಸೀಟಿಗೇ ಬರ್ತೀಯ ನೀನು. ಬರೆದಿಟ್ಕೋ" ಎಂದು ಮಾಲೀಕ ಹಿಂದಿನಿಂದ ಕೂಗಿದ. "ಫ್ಯಾಕ್ಟರಿ ಶಿಫ್ಟಿಗೆ ಡ್ರೈವರ್ ಬೇಕಾಗಿದ್ದಾರೆ. ಬಾಗಿಲು ತೆರೆದಿರುತ್ತೆ!"

ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಧಡಧಡ ಎತ್ತಿಹಾಕಿದಳು. ಗಂಡ ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತ. ಅಂಗಡಿಯ ಎರಡು ಮಿಷಿನ್ನಿನಲ್ಲಿ ಒಂದನ್ನು ಮಾರಿದರೆ ನಾಲ್ಕು ಟ್ಯಾಂಕಿಗೆ ಮೋಸವಿಲ್ಲ ಎಂದ.

"ಒಂದು ಮಿಷಿನ್ ಕೆಟ್ಟರೆ ಇನ್ನೊಂದಿರಬೇಕು ಅಂತ ನೀವೇ ಅಲ್ವೇನ್ರೀ ಹೇಳೋದು? ಅದನ್ನ ಮುಟ್ಟಕೂಡದು."

"ಮತ್ತೆ?"

ಅತ್ತೆ ಒಳಗಿನಿಂದ ಕೇಳಿದರು: "ಅಲ್ಲಾ, ಆ ಹುಡುಗೀಗೆ ಐದು, ಅದಕ್ಕೆ ಎಂಟು, ಇದಕ್ಕೆ ಮೂರು ಅಂತ ಬಾಯಿಪಾಠ ಒಪ್ಪಿಸ್ತೀಯಲ್ಲ, ನಿನ್ನ ಸಂಬಳ ಎಷ್ಟು ಬರೆದಿದ್ದೀಯೇ ಅದರಲ್ಲಿ?"

ವ್ಯಾನಕ್ಕನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. ಬರೆದಿರಲಿಲ್ಲ. ಏಳು ತಿಂಗಳ ಬಜೆಟ್ಟಿನಲ್ಲಿ ಸರ್ವರ್ ಬಾಡಿಗೆಗೂ ಜಾಗವಿತ್ತು, ಹಳೆಯ ಫೋನಿಗೂ ಜಾಗವಿತ್ತು. ತಾನು ಏನು ತಿನ್ನುತ್ತೇನೆ, ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ತಿಂಗಳು ತಿಂಗಳೂ ವ್ಯಾನಿನ ದುಡ್ಡು ಕೈಗೆ ಬರುತ್ತಿದ್ದವಳಿಗೆ, ವ್ಯಾನು ಹೋದ ಮೇಲೆ ಅದು ಬರುವುದಿಲ್ಲ ಎಂಬ ಸಣ್ಣ ಸಂಗತಿ ತಲೆಗೆ ಹೋಗಿರಲಿಲ್ಲ. ನಿಂಬೆಯೂ ಕೇಳಿರಲಿಲ್ಲ. ಇಬ್ಬರೂ ಬೆಪ್ಪುತಕ್ಕಡಿಗಳು.

ಅವಳು ಸ್ಟೂಲು ಎಳೆದುಕೊಂಡು ಕೂತಳು. ನಿಂಬೆಯನ್ನು ಬಿಡಬಹುದು. ಮೆಸೇಜು ಕಡಿಮೆ ಮಾಡಬಹುದು. ಮಾಲೀಕನಿಗೆ ಸಹಿ ಹಾಕಿಕೊಡಬಹುದು. ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಯಾವುದಕ್ಕೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಉಳಿದದ್ದು ಒಂದೇ, ಅದನ್ನು ಅವಳು ಇಷ್ಟು ಹೊತ್ತು ಲೆಕ್ಕಕ್ಕೇ ತಂದಿರಲಿಲ್ಲ. ಅವಳಿಗೆ ಗಾಡಿ ಓಡಿಸಲು ಬರುತ್ತಿತ್ತು. ಊರಿನಲ್ಲಿ ಒಂದು ಸೀಟು ಖಾಲಿಯಿತ್ತು.

ಅಂದು ಅವಳು ಅತ್ತಳು. ಮುಚ್ಚುಮರೆ ಏಕೆ, ಚೆನ್ನಾಗಿಯೇ ಅತ್ತಳು. ಊರೆಲ್ಲ ಕೇಳಿದ ಮಾತನ್ನು ತಾನೇ ನುಂಗಬೇಕಲ್ಲ ಎಂದು ಅತ್ತಳು. ಗಂಡ ಬೆನ್ನ ಮೇಲೆ ಕೈಯಿಟ್ಟರೆ ಅದನ್ನೂ ತಳ್ಳಿದಳು. ಅತ್ತೆ ಒಂದು ಲೋಟ ನೀರು ತಂದು ಪಕ್ಕದಲ್ಲಿ ಕುಕ್ಕಿ, "ಹೆಸರು ಬದಲಾಯಿಸಿ ಅಂದಿದ್ದೆಯಲ್ಲ, ಬದಲಾಯಿಸ್ಕೊಂಡ್ರೆ ಆಯ್ತು. ಹೇಗೂ ನಿನ್ನ ಹೆಸರು ಹಿಡಿದು ಯಾರು ಕರೀತಾರೆ ಈಗ?" ಎಂದರು. ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು.

ಮರುದಿನ ಬೆಳಿಗ್ಗೆ ಮಾಲೀಕನ ಅಂಗಳಕ್ಕೆ ಹೋದಳು. ತಲೆ ತಗ್ಗಿಸಿಕೊಂಡು ಅಲ್ಲ. ಡ್ರೈವರುಗಳು ಬಕೆಟ್ಟು ಹಿಡಿದು ಗಾಜು ಒರೆಸುತ್ತಿದ್ದರು. ಮಾಲೀಕ ಮೆಟ್ಟಿಲ ಮೇಲೆ ನಿಂತಿದ್ದ. ಅವಳನ್ನು ಕಂಡವನ ಮುಖ ಅರಳಿತು.

"ಬಂದೆಯಲ್ಲ!" ಎಂದ, ಎಲ್ಲರಿಗೂ ಕೇಳುವ ಹಾಗೆ. "ಏನೋ ಹೆಸರು ಬದಲಾಯಿಸ್ತೀನಿ ಅಂದಿದ್ದೆ. ಏನಂತ ಕರೀಬೇಕು ಈಗ?"

"ಏನಂತಾದ್ರೂ ಕರೀರಿ ಸಾರ್. ಸಂಬಳಕ್ಕೆ ಬಂದಿದ್ದೀನಿ, ಮಾರಾಟಕ್ಕಲ್ಲ. ಫ್ಯಾಕ್ಟರಿ ಶಿಫ್ಟು ಓಡಿಸ್ತೀನಿ, ಶಾಲೆ ತೆರೆದ ಮೇಲೆ ಶಾಲೆ ಗಾಡೀನೂ ಓಡಿಸ್ತೀನಿ. ಆ್ಯಪಿನ ಮಾತು ಎತ್ತಬಾರದು. ಕೀಲಿ ಕೊಡಿ."

ಮಾಲೀಕ ಲೆಕ್ಕ ಹಾಕಿದ. ಡ್ರೈವರುಗಳಿಗೆ ಬರವಿತ್ತು. ಅದಕ್ಕಿಂತ ಹೆಚ್ಚಾಗಿ, ಇವಳನ್ನು ದಿನವೂ ಕಣ್ಣೆದುರಿಗೆ ಬಗ್ಗಿ ಕೀಲಿ ತೆಗೆದುಕೊಳ್ಳುವಂತೆ ಮಾಡುವ ಆಸೆಯಿತ್ತು. ಎರಡು ತಿಂಗಳಲ್ಲಿ ಮೆತ್ತಗಾಗುತ್ತಾಳೆ, ತಾನೇ ಬಂದು ಸಹಿ ಹಾಕುತ್ತಾಳೆ ಎಂದುಕೊಂಡ. ಕೀಲಿ ಕೊಟ್ಟ.

ಅವಳು ಮೆತ್ತಗಾಗಲಿಲ್ಲ. ಬೆಳಿಗ್ಗೆ ಒಂದು ಶಿಫ್ಟು, ಮಧ್ಯಾಹ್ನ ಒಂದು ಶಿಫ್ಟು, ನಡುವೆ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆ. ನಿಂಬೆ ಕೇಳುವ ಪ್ರಶ್ನೆಗೆಲ್ಲ ಉತ್ತರ. ಮಗು ಬರದ ದಿನ ಏನು ಮಾಡೋಣ? ಇಬ್ಬರು ಅವಳಿ ಮಕ್ಕಳಿದ್ದರೆ ಒಂದು ಮೆಸೇಜೋ ಎರಡೋ? "ಒಂದೇ. ಎರಡು ಮೆಸೇಜಿಗೆ ದುಡ್ಡು ಯಾರಪ್ಪ ಕೊಡ್ತಾನೆ?" ಮಾಲೀಕ ದಿನವೂ ಮೆಟ್ಟಿಲ ಮೇಲಿಂದ ಒಂದು ಚುಚ್ಚುಮಾತು ಎಸೆಯುತ್ತಿದ್ದ. "ಏನಮ್ಮ, ನಿನ್ನ ಮ್ಯಾಪ್ ಇಲ್ಲದ ಆ್ಯಪ್ ಎಲ್ಲಿಗೆ ಬಂತು? ದಾರಿ ತಪ್ಪಿತಾ?" ಡ್ರೈವರುಗಳೂ ಮುಸಿಮುಸಿ ನಗುತ್ತಿದ್ದರು. ಅವಳು ಕ್ಯಾರೇ ಅನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರತಿ ಸಲ ಚುಚ್ಚಿತು. ಆದರೆ ತಿಂಗಳ ಮೊದಲನೆಯ ದಿನ ಸಂಬಳ ಎಣಿಸಿಕೊಂಡು ನೇರವಾಗಿ ನಿಂಬೆಯ ಕೈಗೆ ಅವಳ ಪಾಲು ಹಾಕುವಾಗ, ಇದು ನಿನ್ನ ದುಡ್ಡೇ ಕಣಯ್ಯಾ ಎಂದು ಮನಸ್ಸಿನಲ್ಲೇ ಮಾಲೀಕನಿಗೆ ಹೇಳಿ ಖುಷಿಪಡುತ್ತಿದ್ದಳು.

ಶಾಲೆ ತೆರೆಯುವ ಹಿಂದಿನ ವಾರ ಮಾಲೀಕ ಬೇರೆಲ್ಲಿಂದಲೋ ಕೊಂಡು ತಂದ ಪುಟ್ಟ ಪೆಟ್ಟಿಗೆಗಳನ್ನು ಎಲ್ಲ ಗಾಡಿಗಳ ಸ್ಟೀರಿಂಗ್ ಪಕ್ಕದಲ್ಲಿ ಕೂರಿಸಿದ. ಹಸಿರು ದೀಪ ಮಿಣುಕುವ ಪೆಟ್ಟಿಗೆ. ಗಾಡಿ ನಿಂತರೆ ಅದಕ್ಕೆ ಗೊತ್ತಾಗುತ್ತಿತ್ತು. ಆ ವಾರವೇ ಫ್ಯಾಕ್ಟರಿ ಶಿಫ್ಟಿನಲ್ಲಿ ಟೈರು ಬದಲಾಯಿಸಲು ನಿಂತವನಿಗೆ ಸಂಬಳ ಹೋಯಿತು, ಹೊಟ್ಟೆ ಕೆಟ್ಟು ನಿಂತವನಿಗೂ ಹೋಯಿತು. ಮುಸಿಮುಸಿ ನಗು ಅಂಗಳದಿಂದ ಕಾಣೆಯಾಯಿತು.

ಶಾಲೆ ತೆರೆದ ದಿನ ಬಂತು. ಎರಡು ಗುಂಡಿಯ ಆ್ಯಪು ಬೆಳಿಗ್ಗೆಯೇ ಶುರುವಾಯಿತು. ಮೂರೇ ಮೂರು ವ್ಯಾನಿನಲ್ಲಿ. ಮೂರು ವ್ಯಾನು ಕೊಡುವ ದುಡ್ಡಿನಲ್ಲಿ ಕಂಪನಿ ಮುಂದಿನ ತಿಂಗಳು ಉಸಿರಾಡುವುದಿಲ್ಲ ಎಂದು ವ್ಯಾನಕ್ಕನಿಗೂ ಗೊತ್ತಿತ್ತು, ನಿಂಬೆಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ವ್ಯಾನಕ್ಕ ಮಾಲೀಕನ ಅಂಗಳದಲ್ಲಿ, ಮಾಲೀಕನ ಗಾಡಿಯ ಟೈರನ್ನು ಒದ್ದು ಗಾಳಿ ನೋಡುತ್ತಿದ್ದಳು.

ಅಂಗಳದ ಆ ತುದಿಯಿಂದ ಒಬ್ಬ ಹಿರಿಯ ಡ್ರೈವರು ಬಂದ. ಎಲ್ಲರೂ ಅವನನ್ನು ಮೀಸೆ ಎಂದು ಕರೆಯುತ್ತಿದ್ದರು. ಹೊಟ್ಟೆ ಕೆಟ್ಟು ನಿಂತು ಸಂಬಳ ಕಳೆದುಕೊಂಡವನು ಅವನೇ.

"ಅಕ್ಕಾ, ನಿಮ್ಮದರಲ್ಲಿ ಮ್ಯಾಪ್ ಇಲ್ಲವಂತೆ. ಹೌದಾ?"

ಮೆಟ್ಟಿಲ ಮೇಲೆ ಮಾಲೀಕ ನಿಂತಿದ್ದ. ಇವತ್ತು ಇವನ ಬಾಯಲ್ಲಿ ಚುಚ್ಚಿಸುತ್ತಿದ್ದಾನೆ ಎಂದುಕೊಂಡು ವ್ಯಾನಕ್ಕನಿಗೆ ರೇಗಿತು. "ಇಲ್ಲ. ದುಡ್ಡಿರಲಿಲ್ಲ, ಕಿತ್ತು ಬಿಸಾಕಿದೆ. ಏನೀಗ?"

"ಅಂದ್ರೆ, ನಾನು ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ, ಯಾರಿಗೂ ಹೋಗಲ್ಲ?"

"ಮಗು ಹತ್ತಿದ್ದು ಹೋಗುತ್ತೆ, ಇಳಿದದ್ದು ಹೋಗುತ್ತೆ. ಮಧ್ಯದ್ದು ನಿನಗೆ ಬಿಟ್ಟಿದ್ದು."

"ಹಾಗಾದ್ರೆ ನನಗೂ ಹಾಕ್ಕೊಡಿ. ನನ್ನ ಗಾಡೀಲೂ ಬೆಳಿಗ್ಗೆಯಿಂದ ಫೋನ್ ಬಡ್ಕೊಳ್ಳುತ್ತೆ."

ವ್ಯಾನಕ್ಕ ಟೈರು ಬಿಟ್ಟು ಅವನ ಕಡೆಗೆ ತಿರುಗಿದಳು. ದುಡ್ಡಿಲ್ಲವೆಂದು ಮ್ಯಾಪು ಕಿತ್ತೆಸೆದದ್ದಕ್ಕೆ ಎರಡು ತಿಂಗಳು ಅವಳನ್ನು ಚುಚ್ಚಿದ್ದರು, ಇವನಿಗೆ ಬೇಕಾಗಿರುವುದೇ ಮ್ಯಾಪಿಲ್ಲದ ಆ್ಯಪು.

"ಏಯ್, ನನ್ನ ಗಾಡೀಲಿ ಅದೆಲ್ಲ ನಡೆಯಲ್ಲ" ಎಂದು ಮಾಲೀಕ ಮೆಟ್ಟಿಲಿಳಿದು ಬಂದ.

"ಗಾಡಿ ನಿಮ್ದು ಸಾರ್. ಫೋನು ನಂದು" ಎಂದ ಮೀಸೆ. ದನಿ ಎತ್ತರಿಸಲಿಲ್ಲ. "ಅದರ ಬಿಲ್ಲೂ ನಾನೇ ಕಟ್ತೀನಿ."

ಬಕೆಟ್ಟು ಕೆಳಗಿಟ್ಟು ಇನ್ನೊಬ್ಬ ಬಂದ. ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಮತ್ತಿಬ್ಬರು. ನೋಡುನೋಡುತ್ತ ವ್ಯಾನಕ್ಕನ ಸುತ್ತ ಹದಿನೈದು ಇಪ್ಪತ್ತು ಜನ. ಶಾಲೆ ತೆರೆದ ದಿನ, ಊರಿನ ಮಕ್ಕಳೆಲ್ಲ ಗೇಟಿನಲ್ಲಿ ಕಾಯುತ್ತಿರುವ ಹೊತ್ತು, ಯಾರನ್ನು ಮನೆಗೆ ಕಳಿಸುತ್ತೀಯೋ ಕಳಿಸು ಎನ್ನುವಂತೆ ನಿಂತರು. ಮಾಲೀಕನಿಗೂ ಅದು ಅರ್ಥವಾಯಿತು.

"ಇದಕ್ಕೇ ಬಂದು ಸೇರ್ಕೊಂಡೆಯಾ ನೀನು?" ಎಂದ ಹಲ್ಲು ಕಡಿಯುತ್ತ.

"ಇಲ್ಲ ಸಾರ್, ಸತ್ಯವಾಗ್ಲೂ ಸಂಬಳಕ್ಕೇ ಬಂದಿದ್ದು" ಎಂದಳು ವ್ಯಾನಕ್ಕ.

"ಮೊದಲನೇ ತಿಂಗಳು ಪುಕ್ಕಟೆ ತಾನೇ ಅಕ್ಕ?" ಗುಂಪಿನಿಂದ ಯಾರೋ ಕೇಳಿದರು.

"ಪುಕ್ಕಟೆ ಇಲ್ಲ. ನಾನೂ ಪುಕ್ಕಟೆ ಮಾಡಲ್ಲ, ಆ ಹುಡುಗೀನೂ ಪುಕ್ಕಟೆ ಮಾಡಲ್ಲ. ಎಲ್ಲರೂ ಒಂದು ತಿಂಗಳದ್ದು ಮುಂಗಡ ಕೊಡಬೇಕು. ಸಂಜೆ ದುಡ್ಡು ತಗೊಂಡು ಝೆರಾಕ್ಸ್ ಅಂಗಡಿ ಹತ್ರ ಬನ್ನಿ, ಅಲ್ಲೇ ಹಾಕ್ಕೊಡ್ತೀವಿ." ಬಾಗಿಲು ತೆರೆದು ಸೀಟಿಗೆ ಹತ್ತಿದಳು. "ಈಗ ಏನು ಮುಖ ನೋಡ್ತಾ ನಿಂತಿದ್ದೀರಿ? ಗಾಡಿ ತೆಗೀರಿ, ಮಕ್ಕಳಿಗೆ ತಡ ಆಗುತ್ತೆ."

ಒಬ್ಬೊಬ್ಬರಾಗಿ ಗಾಡಿ ತೆಗೆದರು. ಮಾಲೀಕ ದಾರಿ ಬಿಟ್ಟು ಬದಿಗೆ ನಿಂತುಕೊಂಡ.